ಅಂಗಳದಲ್ಲಿ ಎದ್ದ ಅಣಬೆಗೆ ಅಮ್ಮನ ಹುತ್ತದ ಅಣಬೆಯ ಲೆಕ್ಕ ಸಲ್ಲುವುದೇ?

ಓದುಗರ ಪ್ರಶ್ನೆ: "ಕಾಸರಗೋಡಿನ ವಿದ್ಯಾನಗರದ ಬಳಿ 10 ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡು ಬಂದು ನಮಗೆ 6 ವರ್ಷವಾಯಿತು. ತಗ್ಗಾಗಿದ್ದ ಜಾಗಕ್ಕೆ ಹೊರಗಿನಿಂದ ಮಣ್ಣು ತರಿಸಿ ತುಂಬಿಸಿ, ಮುಂಭಾಗದಲ್ಲಿ ಹುಲ್ಲುಹಾಸು ಬೆಳೆಸಿದ್ದೇವೆ. ಈ ವರ್ಷ ಜೂನ್ ಮೊದಲ ವಾರದ ಮಳೆಯಾದ ಮೇಲೆ ಹುಲ್ಲಿನಲ್ಲಿ ಅರ್ಧವೃತ್ತವಾಗಿ ದೊಡ್ಡ ಬಿಳಿ ಅಣಬೆಗಳು ಎದ್ದಿವೆ. ಟೊಪ್ಪಿಯ ಮೇಲೆ ಕಂದು ಹೊಪ್ಪಳೆಗಳಿವೆ, ಕೆಲವು ಊಟದ ಬಟ್ಟಲಿನಷ್ಟು ಅಗಲವಿವೆ. ಜಗಲಿಯ ಕ್ರೋಟನ್ ಚಟ್ಟಿಯಲ್ಲಿ ಹಳದಿ ಬಣ್ಣದ ಪುಟ್ಟ ಅಣಬೆಗಳಿವೆ. ಹಿತ್ತಿಲಿನಲ್ಲಿ ಕಡಿದ ತೆಂಗಿನ ಕುತ್ತಿಯ ಸುತ್ತ ಬೂದು ಬಣ್ಣದ ಸಣ್ಣ ಅಣಬೆಗಳು ನೂರಾರು. ಬಾವಿಯ ಪಕ್ಕದ ಜೀವಂತ ತೆಂಗಿನ ಬುಡದಲ್ಲಿ ಮರದಂತೆ ಗಟ್ಟಿಯಾದ, ಕಂದು ಬಣ್ಣದ ಒಂದು ಅಣಬೆ ಅಂಟಿಕೊಂಡಿದೆ. ಪಕ್ಕದ ಮನೆಯವರು ಹುಲ್ಲಿನ ಅಣಬೆಯನ್ನು ನೋಡಿ, 'ಇದು ನಮ್ಮ ಕಡೆ ತಿನ್ನುವ ಕೂಣ್' ಎಂದರು. ಪೆರ್ಲದ ಹತ್ತಿರದ ನಮ್ಮ ತವರಿನಲ್ಲಿ ಅಮ್ಮ ಪ್ರತಿ ಮಳೆಗಾಲದಲ್ಲೂ ಹುತ್ತದ ಅಣಬೆಯ ಪದಾರ್ಥ ಮಾಡುತ್ತಿದ್ದರು. ಬೇಯುವಾಗ ಬೆಳ್ಳಿಯ ನಾಣ್ಯವನ್ನೋ ಬೆಳ್ಳುಳ್ಳಿಯನ್ನೋ ಹಾಕಿ, ಕಪ್ಪಾಗದಿದ್ದರೆ ವಿಷವಿಲ್ಲ ಎನ್ನುತ್ತಿದ್ದರು. ಮಗನ ಫೋನಿನ ಆ್ಯಪ್ ಒಂದು ಚಿತ್ರಕ್ಕೆ ತಿನ್ನಬಹುದು ಎಂದೂ ಅದೇ ಅಣಬೆಯ ಇನ್ನೊಂದು ಚಿತ್ರಕ್ಕೆ ವಿಷವೆಂದೂ ಹೇಳಿತು. 4 ವರ್ಷದ ಮೊಮ್ಮಗ ಇವನ್ನೆಲ್ಲ ಮುಟ್ಟಿ ಆಡಿದ್ದಾನೆ. ಇವನ್ನು ಗುರುತಿಸುವುದು ಹೇಗೆ? ತಿನ್ನಬಹುದೇ? ಇಲ್ಲವಾದರೆ ಏನು ಸಿಂಪಡಿಸಿ ನಾಶಮಾಡಬೇಕು?"

ಉತ್ತರ: ಮೊದಲು ಮೊಮ್ಮಗನ ವಿಷಯ. ಅಣಬೆಯನ್ನು ಮುಟ್ಟಿದ್ದರಿಂದ ವಿಷವೇರುವುದಿಲ್ಲ. ನಮ್ಮ ಮನೆಯ ಸುತ್ತ ಬೆಳೆಯುವ ಕೊಡೆಯಾಕಾರದ ಅಣಬೆಗಳ ವಿಷ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ಮಗುವಿನ ಕೈಯನ್ನು ಸಾಬೂನಿನಿಂದ ತೊಳೆಸಿದರೆ ಸಾಕು. ಆದರೆ 4 ವರ್ಷದ ಮಗು ಮುಟ್ಟಿದ್ದನ್ನು ಬಾಯಿಗೂ ಇಡಬಲ್ಲುದಾದ್ದರಿಂದ, ಅದು ಆಡುವ ಜಾಗದಲ್ಲಿ ಎದ್ದ ಅಣಬೆಗಳನ್ನು ಪ್ರತಿದಿನ ಬೆಳಿಗ್ಗೆ ಕಿತ್ತು ತೆಗೆಯಿರಿ. ಎರಡನೆಯದಾಗಿ, ಹುಲ್ಲಿನ ಮೇಲಿನ ಬಿಳಿ ಅಣಬೆಯನ್ನು ಯಾರೂ ತಿನ್ನಬಾರದು, ಪಕ್ಕದ ಮನೆಯವರಿಗೂ ಇಂದೇ ಹೇಳಿ. ನಿಮ್ಮ ವಿವರಣೆಗೆ ತೀರ ಹೊಂದುವ ಅಣಬೆಯೊಂದಿದ್ದು, ಉಷ್ಣವಲಯದ ಹುಲ್ಲುಹಾಸುಗಳಲ್ಲಿ ಅಣಬೆಯಿಂದಾಗುವ ವಿಷಬಾಧೆಗೆ ಅತ್ಯಂತ ಸಾಮಾನ್ಯವಾದ ಕಾರಣಗಳಲ್ಲಿ ಅದೂ ಒಂದು.

ಅದರ ಶಾಸ್ತ್ರೀಯ ಹೆಸರು ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್. ಎಳೆಯದಿರುವಾಗ ಗುಂಡಗಿನ ಟೊಪ್ಪಿ, ಬಿಳಿ ಮೈ. ಅರಳಿದ ಮೇಲೆ 10ರಿಂದ 25 ಸೆಂಟಿಮೀಟರಿನಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಅಗಲವಾಗುತ್ತದೆ. ಟೊಪ್ಪಿಯ ನಡುವೆ ಕಂದು ಬಣ್ಣದ ಒಂದು ಮಚ್ಚೆ, ಸುತ್ತ ಚದುರಿದ ಹೊಪ್ಪಳೆಗಳು, ಕಾಂಡದ ಮೇಲ್ಭಾಗದಲ್ಲಿ ಬೆರಳಿನಿಂದ ಮೇಲೆ ಕೆಳಗೆ ಸರಿಸಬಹುದಾದ ಒಂದು ಉಂಗುರ. ಟೊಪ್ಪಿಯ ಅಡಿಯಲ್ಲಿ ಸಾಲಾಗಿರುವ ತೆಳು ಪದರಗಳು, ಅಂದರೆ ಕಿವಿರುಗಳು, ಮೊದಲೆರಡು ದಿನ ಅಪ್ಪಟ ಬಿಳಿಯಾಗಿರುತ್ತವೆ, ಮೋಸ ಹೋಗುವುದೇ ಇಲ್ಲಿ. ಬಲಿತ ಮೇಲೆ ಅವು ಮಾಸಲು ಹಸಿರಿಗೆ ತಿರುಗುತ್ತವೆ, ಏಕೆಂದರೆ ಅದರ ಬೀಜಾಣುಗಳ ಬಣ್ಣವೇ ಹಸಿರು. ದೊಡ್ಡ ಅಣಬೆಗಳಲ್ಲಿ ಹಸಿರು ಬೀಜಾಣು ಬಿಡುವವು ತೀರ ವಿರಳವಾದ್ದರಿಂದ ಇದನ್ನು ಮನೆಯಲ್ಲೇ ಖಚಿತವಾಗಿ ಗುರುತಿಸಲು ಸಾಧ್ಯ. ಹೇಗೆಂಬುದನ್ನು ಮುಂದೆ ಹೇಳುತ್ತೇನೆ. ತಿಂದವರಿಗೆ ಸಾಮಾನ್ಯವಾಗಿ 1ರಿಂದ 3 ಗಂಟೆಯೊಳಗೆ ಹೊಟ್ಟೆ ಹಿಂಡುವ ನೋವು, ಬಿಡದ ವಾಂತಿ, ಭೇದಿ ಶುರುವಾಗುತ್ತವೆ, ಕೆಲವೊಮ್ಮೆ ಭೇದಿಯಲ್ಲಿ ರಕ್ತವೂ ಹೋಗುತ್ತದೆ. ಆರೋಗ್ಯವಂತ ವಯಸ್ಕರು ಚಿಕಿತ್ಸೆಯಿಂದ ಒಂದೆರಡು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮಕ್ಕಳಿಗೂ ವೃದ್ಧರಿಗೂ ದೇಹದ ನೀರು ಇಳಿದುಹೋಗುವುದರಿಂದ ಅಪಾಯ ಹೆಚ್ಚು.

ನಿಮ್ಮ ಅಮ್ಮ ಅಡುಗೆ ಮಾಡುತ್ತಿದ್ದ ಹುತ್ತದ ಅಣಬೆ ಬೇರೆಯೇ ಕುಲದ್ದು. ಫ್ರೆಂಚ್ ಶಿಲೀಂಧ್ರ ವಿಜ್ಞಾನಿ ರೋಜೆ ಹೈಮ್ 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂಬ ಹೆಸರಿಟ್ಟರು. ಗೆದ್ದಲುಗಳು ತಾವು ತಂದ ಕಸಕಡ್ಡಿ, ಒಣಗಿದ ಎಲೆಗಳಿಂದ ನೆಲದಡಿಯಲ್ಲಿ ಜೇನುಗೂಡಿನಂತಹ ತಟ್ಟಿಗಳನ್ನು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತವೆ. ಮುಂಗಾರಿನ ತೇವ ಆಳಕ್ಕಿಳಿದಾಗ ಆ ತಟ್ಟಿಯಿಂದ ಹೊರಟ ಅಣಬೆ ಗಟ್ಟಿ ನೆಲವನ್ನು ಒಡೆದು ಮೇಲೆ ಬರಬೇಕಾದ್ದರಿಂದ ಟೊಪ್ಪಿಯ ನಡುವೆ ಚೂಪಾದ ಮೊನೆಯಿರುತ್ತದೆ. ಕಾಂಡ ನೆಲದಡಿಯಲ್ಲಿ ಬೇರಿನಂತೆ ಉದ್ದಕ್ಕೆ ಇಳಿದು ಗೆದ್ದಲಿನ ತಟ್ಟಿಯನ್ನೇ ಮುಟ್ಟಿರುತ್ತದೆ. ಬೀಜಾಣುಗಳು ಗುಲಾಬಿ ಛಾಯೆಯ ಕೆನೆ ಬಣ್ಣದವು, ಎಂದಿಗೂ ಹಸಿರಲ್ಲ. ಇದೇ ಕುಲದ ಪುಟ್ಟ ಅಣಬೆಯೊಂದು, ಗೆದ್ದಲುಗಳು ಹೊರಗೆ ತಂದು ಹರಡಿದ ತಟ್ಟಿಯ ಚೂರುಗಳ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಸಾವಿರಗಟ್ಟಲೆ ಏಳುತ್ತದೆ, ಅದಕ್ಕೆ ಈ ಉದ್ದ ಬೇರು ಇರುವುದಿಲ್ಲ. ಗೆದ್ದಲಿನ ಸಹವಾಸವಿಲ್ಲದೆ ಬೆಳೆಯಲಾರದ ಕಾರಣ ಹುತ್ತದ ಅಣಬೆಯನ್ನು ಇಂದಿಗೂ ವ್ಯಾಪಾರಕ್ಕಾಗಿ ಕೃಷಿ ಮಾಡಲು ಆಗಿಲ್ಲ.

ನಿಮ್ಮ ತಾಯಿಯವರ ತಿಳಿವಳಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರು ಅಷ್ಟು ವರ್ಷ ಸುರಕ್ಷಿತವಾಗಿ ಅಣಬೆ ಬೇಯಿಸಿದ್ದಕ್ಕೆ ಕಾರಣ ಬೆಳ್ಳಿಯ ನಾಣ್ಯವಲ್ಲ. ಯಾವ ಗುಡ್ಡೆಯ ಯಾವ ಹುತ್ತದಲ್ಲಿ, ಯಾವ ಮಳೆಗೆ, ಯಾವ ಅಣಬೆ ಏಳುತ್ತದೆಂಬುದು ಅವರಿಗೆ ಗೊತ್ತಿತ್ತು. ಅದನ್ನು ಬುಡಸಮೇತ ಅಗೆದು ತರುತ್ತಿದ್ದರು. ಗೊತ್ತಿಲ್ಲದ್ದನ್ನು ನಾಯಿಕೊಡೆಯೆಂದು ಬಿಟ್ಟುಬಿಡುತ್ತಿದ್ದರು. ಅದು ಸಾವಿರ ಅಣಬೆಗಳ ಜ್ಞಾನವಾಗಿರಲಿಲ್ಲ, ನಾಲ್ಕಾರು ಅಣಬೆಗಳ ಮತ್ತು ಅವು ಏಳುವ ನೆಲದ ಅತ್ಯಂತ ಖಚಿತವಾದ ಜ್ಞಾನವಾಗಿತ್ತು. ಪೆರ್ಲದ ಗುಡ್ಡೆಯ ಆ ಜ್ಞಾನವನ್ನು ಎಲ್ಲಿಂದಲೋ ಲಾರಿಯಲ್ಲಿ ಬಂದ ಮಣ್ಣು, ನರ್ಸರಿಯಿಂದ ತಂದ ಹುಲ್ಲಿನ ಹಾಸು ಮತ್ತು ತೆಂಗಿನ ನಾರಿನ ಪುಡಿ ತುಂಬಿದ ಚಟ್ಟಿಗಳಿರುವ ವಿದ್ಯಾನಗರದ ಅಂಗಳಕ್ಕೆ ಎತ್ತಿಕೊಂಡು ಬಂದಾಗಲೇ ಅಪಾಯ ಶುರುವಾಗುತ್ತದೆ. ಈ ನೆಲದ ಅಣಬೆಗಳನ್ನು ಯಾವ ಅಜ್ಜಿಯೂ ತಿಂದು ನೋಡಿಲ್ಲ. ಅಣಬೆ ತಿಂದು ಆಸ್ಪತ್ರೆ ಸೇರಿದವರ ಮನೆಯವರು ನನ್ನ ಬಳಿಗೆ ತಂದ ಮಾದರಿಗಳನ್ನು ನೋಡುವಾಗ ಮತ್ತೆ ಮತ್ತೆ ಕೇಳಿದ ಮಾತೂ ಇದೇ: "ಊರಿನಲ್ಲಿ ನಾವು ತಿನ್ನುವುದೂ ಹೀಗೆಯೇ ಇರುತ್ತದೆ." ನಿಮ್ಮ ನೆರೆಯವರು ಹೇಳಿದ್ದೂ ಅದನ್ನೇ. ಅವರು ಸುಳ್ಳು ಹೇಳಿದ್ದಲ್ಲ, ಅವರ ಊರಿನ ಕೂಣ್ ಕೂಡ ಬಿಳಿಯಾಗಿಯೇ ಇದ್ದಿರಬಹುದು.

ಇನ್ನು ಅಡುಗೆಮನೆಯ ಪರೀಕ್ಷೆಗಳು. ಬೆಳ್ಳಿ ಕಪ್ಪಾಗುವುದು ಗಂಧಕದ ಸಂಯುಕ್ತಗಳಿಂದ. ಬೇಯಿಸಿದ ಮೊಟ್ಟೆಗೂ ಬೆಳ್ಳಿಯ ಚಮಚ ಕಪ್ಪಾಗುತ್ತದೆ, ಆದರೆ ಅತ್ಯಂತ ಮಾರಕವಾದ ಅಣಬೆಯ ಸಾರಿನಲ್ಲಿ ಅದು ಹೊಳೆಯುತ್ತಲೇ ಇರಬಹುದು. ಬೆಳ್ಳುಳ್ಳಿ, ಅಕ್ಕಿ, ಅರಿಶಿನಗಳ ಬಣ್ಣ ಬದಲಾಗುವುದಕ್ಕೂ ಅಣಬೆಯ ವಿಷಕ್ಕೂ ಯಾವ ಸಂಬಂಧವೂ ಇಲ್ಲ. ಹುಳು ತಿಂದಿದ್ದರೆ ನಾವೂ ತಿನ್ನಬಹುದೆಂಬ ನಂಬಿಕೆ ಇನ್ನೂ ಅಪಾಯಕಾರಿ. ಮನುಷ್ಯನ ಯಕೃತ್ತನ್ನು ನಾಶಮಾಡುವ ಅಣಬೆಯನ್ನು ಬಸವನಹುಳುಗಳು ತಿಂದು ಸುಖವಾಗಿರುತ್ತವೆ. ಬಣ್ಣದ ಅಣಬೆ ವಿಷದ್ದು, ಬಿಳಿಯದು ಒಳ್ಳೆಯದು ಎಂಬುದಂತೂ ತಲೆಕೆಳಗಾದ ಮಾತು, ಏಕೆಂದರೆ ಕೊಲ್ಲುವ ಅಣಬೆಗಳಲ್ಲಿ ಹಲವು ಬಿಳಿಯವೇ. ಚೆನ್ನಾಗಿ ಬೇಯಿಸಿ ನೀರು ಚೆಲ್ಲಿದರೆ ವಿಷ ಹೋಗುತ್ತದೆಂಬ ಮಾತು ಕೆಲವು ಅಣಬೆಗಳ ಮಟ್ಟಿಗೆ ಭಾಗಶಃ ನಿಜವಾದ್ದರಿಂದಲೇ ಅದನ್ನು ನಂಬುವವರು ಹೆಚ್ಚು, ಮತ್ತು ಎಲ್ಲಿ ಅದು ಸುಳ್ಳಾಗುತ್ತದೋ ಅಲ್ಲಿ ಪ್ರಾಣವೇ ಹೋಗುತ್ತದೆ.

ಆ ಸುಳ್ಳಾಗುವ ಜಾಗವೆಂದರೆ ಅಮಾಟಾಕ್ಸಿನ್. ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲಿ, ಲೆಪಿಯೋಟಾ ಮತ್ತು ಗ್ಯಾಲರೀನಾ ಕುಲಗಳ ಕೆಲವು ಚಿಕ್ಕ ಅಣಬೆಗಳಲ್ಲಿ ಈ ವಿಷವಿದೆ. ಕುದಿಸುವುದು, ಒಣಗಿಸುವುದು, ಹುಳಿ ಹಾಕುವುದು, ಫ್ರಿಜ್ಜಿನಲ್ಲಿಡುವುದು ಯಾವುದರಿಂದಲೂ ಅದು ನಾಶವಾಗುವುದಿಲ್ಲ, ರುಚಿಯಲ್ಲೂ ಎಚ್ಚರಿಕೆ ಇರುವುದಿಲ್ಲ. ತಿಂದು 6ರಿಂದ 12 ಗಂಟೆಯವರೆಗೆ, ಕೆಲವರಲ್ಲಿ ಅದಕ್ಕೂ ಹೆಚ್ಚು ಹೊತ್ತು, ಏನೂ ಆಗುವುದಿಲ್ಲ. ಆಮೇಲೆ ತೀವ್ರ ವಾಂತಿಭೇದಿ. ಒಂದು ದಿನದಲ್ಲಿ ಅದು ತಗ್ಗಿ, ರೋಗಿ ಗುಣವಾದಂತೆ ಕಂಡು, ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಒಳಗೆ ಯಕೃತ್ತಿನ ಕೋಶಗಳು ಸಾಯುತ್ತಿರುತ್ತವೆ. ಮೂರನೆಯ, ನಾಲ್ಕನೆಯ ದಿನಕ್ಕೆ ಕಾಮಾಲೆ ಮತ್ತು ಯಕೃತ್ತಿನ ವೈಫಲ್ಯ ಕಾಣಿಸುತ್ತದೆ. 2022ರ ಏಪ್ರಿಲಿನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಚಹಾ ತೋಟದ ಕುಟುಂಬಗಳವರು. ತಲೆತಲಾಂತರದಿಂದ ಅಣಬೆ ಆರಿಸಿ ತಿನ್ನುವ ಪ್ರದೇಶದಲ್ಲೇ ಹೀಗಾಯಿತೆಂಬುದನ್ನು ಗಮನಿಸಿ.

ಗುರುತಿಸುವ ಕೆಲಸಕ್ಕೆ ಬರುತ್ತೇನೆ. ಇದರಲ್ಲಿ ನಿಮಗೆ ನಿಜವಾದ ಕುತೂಹಲವಿದೆ ಎಂಬುದು ನಾಲ್ಕು ಅಣಬೆಗಳನ್ನೂ ನೀವು ಬೇರೆ ಬೇರೆಯಾಗಿ ವಿವರಿಸಿದ ರೀತಿಯಿಂದಲೇ ಗೊತ್ತಾಗುತ್ತದೆ. ಆ್ಯಪ್ ಎರಡು ಚಿತ್ರಗಳಿಗೆ ಎರಡು ಉತ್ತರ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಟೊಪ್ಪಿ ಮಾತ್ರ ಕಾಣುತ್ತದೆ, ಆದರೆ ಅಣಬೆಯ ಗುರುತೆಲ್ಲ ಇರುವುದು ಅಡಿಯಲ್ಲಿ, ಬುಡದಲ್ಲಿ ಮತ್ತು ಬೀಜಾಣುಗಳಲ್ಲಿ. ಸೂಚನೆಯಾಗಿ ಆ್ಯಪ್ ಇರಲಿ, ಊಟದ ನಿರ್ಧಾರವನ್ನು ಅದಕ್ಕೆ ಒಪ್ಪಿಸಬೇಡಿ.

ಅಣಬೆಯನ್ನು ಎಂದಿಗೂ ಟೊಪ್ಪಿ ಹಿಡಿದು ಕೀಳಬೇಡಿ. ಚೂರಿಯನ್ನು ಬುಡದ ಪಕ್ಕದಲ್ಲಿ ಆಳಕ್ಕೆ ಇಳಿಸಿ, ಮಣ್ಣಿನ ಮುದ್ದೆ ಸಮೇತ ಎತ್ತಿ, ಬೆರಳಿನಿಂದ ನಿಧಾನವಾಗಿ ಮಣ್ಣು ಬಿಡಿಸಿ. ಅಮಾನಿಟಾ ಅಣಬೆಗಳ ಬುಡದಲ್ಲಿರುವ ಪೊರೆಯ ಚೀಲ ಮಣ್ಣಿನೊಳಗೇ ಇರುತ್ತದೆ, ಕಿತ್ತು ತಂದವರ ಕೈಗೆ ಚೀಲವಿಲ್ಲದ ಕಾಂಡ ಬರುತ್ತದೆ, ಮುಖ್ಯ ಸಾಕ್ಷಿ ನೆಲದಲ್ಲೇ ಉಳಿದುಹೋಗುತ್ತದೆ. ಹುತ್ತದ ಅಣಬೆಯ ಉದ್ದ ಬೇರು ಇದೆಯೋ ಇಲ್ಲವೋ ಎಂಬುದೂ ಅಗೆದರೆ ಮಾತ್ರ ತಿಳಿಯುತ್ತದೆ. ಬುಡದಲ್ಲಿ ಚೀಲ, ಕಾಂಡದಲ್ಲಿ ಉಂಗುರ, ಬಿಳಿಯ ಕಿವಿರುಗಳು, ಈ ಮೂರೂ ಕೂಡಿ ಬಂದಿದ್ದರೆ ಅದನ್ನು ಮಾರಕವೆಂದೇ ಭಾವಿಸಿ. ಚೀಲವಿದ್ದರೂ ತಿನ್ನಲು ಯೋಗ್ಯವಾದ ಒಂದು ಅಣಬೆಯಿದೆ, ಬೈಹುಲ್ಲಿನ ಅಣಬೆ. ಅದರ ಬೀಜಾಣು ಗುಲಾಬಿ, ಉಂಗುರವಿಲ್ಲ. ಏಷ್ಯಾದಿಂದ ಅಮೆರಿಕ, ಆಸ್ಟ್ರೇಲಿಯಗಳಿಗೆ ವಲಸೆ ಹೋದ ಕುಟುಂಬಗಳು ಊರಿನ ಬೈಹುಲ್ಲಿನ ಅಣಬೆಯೆಂದು ಭಾವಿಸಿ ಅಲ್ಲಿಯ ಅಮಾನಿಟಾವನ್ನು ತಿಂದು ಸತ್ತ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನೆಲ ಬದಲಾದರೆ ಜ್ಞಾನ ಕೈಕೊಡುತ್ತದೆ ಎಂದು ನಾನು ಹೇಳಿದ್ದು ಇದನ್ನೇ.

ನಂತರ ಬೀಜಾಣುವಿನ ಅಚ್ಚು ತೆಗೆಯಿರಿ, ಮೊಮ್ಮಗನೂ ಪಕ್ಕದಲ್ಲಿ ಕುಳಿತು ನೋಡಬಹುದಾದ ಕೆಲಸವಿದು. ಅರಳಿದ ಅಣಬೆಯ ಕಾಂಡವನ್ನು ಕತ್ತರಿಸಿ, ಟೊಪ್ಪಿಯನ್ನು ಕಿವಿರು ಕೆಳಗಾಗುವಂತೆ ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲಿಟ್ಟು, ಟೊಪ್ಪಿಯ ಮೇಲೆ ಒಂದು ಹನಿ ನೀರು ಹಾಕಿ, ಬಟ್ಟಲು ಕವುಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಬೀಜಾಣುಗಳು ಉದುರಿ ಕಿವಿರುಗಳ ಗೆರೆಗೆರೆಯ ಚಿತ್ರ ಮೂಡಿರುತ್ತದೆ. ಎರಡು ಬಣ್ಣದ ಕಾಗದ ಬೇಕಾದದ್ದು ಬಿಳಿಯ ಅಚ್ಚು ಬಿಳಿಯ ಕಾಗದದ ಮೇಲೆ ಕಾಣಿಸದ ಕಾರಣಕ್ಕೆ. ಹುಲ್ಲಿನ ಅಣಬೆ ಹಸಿರು ಅಚ್ಚು ಕೊಟ್ಟರೆ ಕ್ಲೋರೋಫಿಲ್ಲಮ್ ಎಂಬುದು ಖಚಿತ. ಕೊಡದಿದ್ದರೆ? ಅದರಿಂದ ತಿನ್ನಲು ಅನುಮತಿ ಸಿಕ್ಕಿದಂತಲ್ಲ. ಬಿಳಿಯ ಅಚ್ಚು ಬಂದರೆ ಇನ್ನೂ ಹೆಚ್ಚು ಎಚ್ಚರ ಬೇಕು, ಅಮಾನಿಟಾ ಮತ್ತು ಲೆಪಿಯೋಟಾಗಳ ಅಚ್ಚು ಬಿಳಿಯೇ. ತೋಟದ ಕಸದಲ್ಲಿ ಬೆಳೆಯುವ, 5 ಸೆಂಟಿಮೀಟರಿಗಿಂತ ಚಿಕ್ಕದಾದ, ಕಂದು ಹೊಪ್ಪಳೆಯ ಲೆಪಿಯೋಟಾಗಳನ್ನು ಕ್ಲೋರೋಫಿಲ್ಲಮಿನ ಮರಿಗಳೆಂದು ತಿಳಿಯುವುದು ಸುಲಭ, ಆದರೆ ಅವುಗಳಲ್ಲಿ ಕೆಲವಕ್ಕೆ ಅಮಾಟಾಕ್ಸಿನ್ ಇದೆ.

ಇನ್ನೂ ಅರಳದ, ಮೊಟ್ಟೆಯಂತಹ ಅಣಬೆಗಳನ್ನು ಕಂಡರೆ ಮೇಲಿನಿಂದ ಕೆಳಗೆ ಉದ್ದಕ್ಕೆ ಸೀಳಿ ನೋಡಿ. ಒಳಗೆ ಟೊಪ್ಪಿ, ಕಾಂಡಗಳ ಆಕಾರ ಕಂಡರೆ ಅದು ಅಮಾನಿಟಾದ ಎಳೆಯದಿರಬಹುದು. ಲೋಳೆಯ ಪದರವಿದ್ದರೆ ಅದು ಬಲೆಯ ಲಂಗ ತೊಟ್ಟಂತೆ ಅರಳುವ, ಕೊಳೆತ ನಾತ ಬೀರಿ ನೊಣಗಳನ್ನು ಕರೆಯುವ ಫ್ಯಾಲಸ್ ಅಣಬೆಯ ಮೊಟ್ಟೆ. ಮುರಕಲ್ಲಿನ ಗುಡ್ಡೆಗಳಲ್ಲಿ ಕಿರಾಲ್‌ಬೋಗಿಯಂಥ ಮರಗಳ ಬೇರಿನ ನಂಟಿನಿಂದ ಬೆಳೆಯುವ, ಮುಂಗಾರಿನ ಆರಂಭದಲ್ಲಿ ತುಂಬ ಬೆಲೆಗೆ ಮಾರಾಟವಾಗುವ, ಉಂಡೆಯಂತಹ ಕಲ್ಲಣಬೆ ಎಳೆಯದಿರುವಾಗ ಒಳಗೆಲ್ಲ ಬಿಳಿ, ಸಿಪ್ಪೆ ಕರುಮುರು ಗಟ್ಟಿ. ಅದರಂತೆಯೇ ಕಾಣುವ ಸ್ಕ್ಲೆರೋಡರ್ಮಾದ ಒಳಭಾಗ ಬೇಗನೆ ನೇರಳೆ ಮಿಶ್ರಿತ ಕಪ್ಪಾಗುತ್ತದೆ, ತಿಂದರೆ ವಾಂತಿಯಾಗುತ್ತದೆ. ಹೊಸ ಬಡಾವಣೆಯ ಅಕೇಶಿಯಾ ಸಾಲಿನಡಿಯಲ್ಲಿ ಉಂಡೆಯಣಬೆ ಸಿಕ್ಕಿತೆಂದು ಕಲ್ಲಣಬೆಯ ಆಸೆಯಿಂದ ಹೆಕ್ಕುವವರು ಇದನ್ನು ನೆನಪಿಡಬೇಕು.

ನಿಮ್ಮ ಉಳಿದ ಎರಡು ಅಣಬೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚಟ್ಟಿಯ ಹಳದಿ ಅಣಬೆ ಬಹುತೇಕ ಖಚಿತವಾಗಿ ಲ್ಯೂಕೋಕೊಪ್ರೈನಸ್ ಬರ್ನ್‌ಬಾಮಿ. ಚಟ್ಟಿಯ ಗೊಬ್ಬರದ, ನಾರಿನ ಪುಡಿಯ ಜೊತೆ ಲೋಕವನ್ನೆಲ್ಲ ಸುತ್ತುತ್ತಿರುವ ಅಣಬೆಯಿದು. ಗಿಡಕ್ಕೆ ತೊಂದರೆಯಿಲ್ಲ, ತಿಂದರೆ ಹೊಟ್ಟೆ ಕೆಡುತ್ತದೆ. ಬಣ್ಣ ಮಗುವನ್ನು ಸೆಳೆಯುವುದರಿಂದ ಕಂಡಾಗಲೆಲ್ಲ ಕಿತ್ತುಬಿಡಿ. ಕುತ್ತಿಯ ಸುತ್ತಲಿನ ನೂರಾರು ಬೂದು ಅಣಬೆಗಳು ಕೊಪ್ರಿನೆಲ್ಲಸ್ ಡಿಸ್ಸೆಮಿನೇಟಸ್ ಇರಬೇಕು. ಸತ್ತ ಬುಡವನ್ನು ಗೊಬ್ಬರ ಮಾಡುವ ಕೆಲಸವನ್ನು ಅವು ಸದ್ದಿಲ್ಲದೆ ಮಾಡುತ್ತಿವೆ. ಅವುಗಳನ್ನು ಹಾಗೆಯೇ ಬಿಡಿ.

ಇವೆಲ್ಲ ಈ ವರ್ಷವೇ ಏಕೆ ಎದ್ದವು ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಮಾವಿನಹಣ್ಣು ಮರಕ್ಕೆ ಹೇಗೋ ಹಾಗೆ, ನಾವು ಕಾಣುವ ಅಣಬೆ ನೆಲದಡಿಯ ಶಿಲೀಂಧ್ರದ ಎಳೆಗಳ ಜಾಲಕ್ಕೆ ಫಲ ಮಾತ್ರ. ಜಾಗ ತುಂಬಿಸಿದ ಮಣ್ಣಿನಲ್ಲಿ ಬೇರು, ಮರದ ತುಂಡು, ತೆಂಗಿನ ಸಿಪ್ಪೆ ಹೂತುಹೋಗಿದ್ದರೆ, ಹುಲ್ಲಿನಡಿಯಲ್ಲಿ ಸತ್ತ ಹುಲ್ಲಿನ ಪದರ ಕೂಡಿದ್ದರೆ, ಆ ಜಾಲ ಅದನ್ನು ಕೊಳೆಯಿಸುತ್ತ ವರ್ಷಗಟ್ಟಲೆ ಕಾಣದಂತೆ ಬೆಳೆಯುತ್ತದೆ. ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದರಿಂದ ಅದರ ಅಂಚಿನಲ್ಲಿ ಏಳುವ ಅಣಬೆಗಳು ವೃತ್ತವಾಗಿ, ಅಥವಾ ಒಂದು ಬದಿಗೆ ಸಿಮೆಂಟಿನ ದಾರಿ ಅಡ್ಡ ಬಂದರೆ ಅರ್ಧವೃತ್ತವಾಗಿ ಕಾಣುತ್ತವೆ. ಆ ಅಂಚಿನ ಹುಲ್ಲು ಹೆಚ್ಚು ದಟ್ಟ ಹಸಿರಾಗಿರುವುದನ್ನೂ ನೀವು ಗಮನಿಸಿರಬಹುದು, ಕೊಳೆತ ವಸ್ತುವಿನಿಂದ ಬಿಡುಗಡೆಯಾದ ಸಾರಜನಕ ಅದಕ್ಕೆ ಕಾರಣ. ಗುಡುಗಿದರೆ ಅಣಬೆ ಏಳುತ್ತದೆ ಎಂಬ ನಮ್ಮ ಕಡೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗುಡುಗು, ಮೊದಲ ಭಾರೀ ಮಳೆ, ನೆಲದ ಬಿಸಿ ಇಳಿಯುವುದು, ಮೂರೂ ಒಟ್ಟಿಗೆ ಬರುವುದರಿಂದ ಆ ಮಾತು ಹುಟ್ಟಿದ್ದು ಸಹಜ. ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು ಅಣಬೆ ಬೆಳೆಯುವ ಮರದ ದಿಮ್ಮಿಗಳಿಗೆ ಕ್ಷಣಮಾತ್ರ ಅಧಿಕ ವೋಲ್ಟೇಜಿನ ವಿದ್ಯುತ್ ಹಾಯಿಸಿ ಇಳುವರಿ ಹೆಚ್ಚಿದ್ದನ್ನೂ ತೋರಿಸಿದ್ದಾರೆ.

ಹೀಗಿರುವಾಗ ಏನಾದರೂ ಸಿಂಪಡಿಸಿದರೆ ಹೋಗುತ್ತದೆಯೇ? ಇಲ್ಲ. ಶಿಲೀಂಧ್ರನಾಶಕ ಮೇಲ್ಪದರಕ್ಕೆ ತಾಗುತ್ತದೆ, ಆಹಾರವಿರುವವರೆಗೂ ಆಳದ ಜಾಲ ಮತ್ತೆ ಚಿಗುರುತ್ತದೆ. ಜೂನ್‌, ಜುಲೈಯ ಮಳೆಯಲ್ಲಿ ಸಿಂಪಡಿಸಿದ್ದು ಇಳಿದು ಸೇರುವುದು ನಿಮ್ಮದೇ ಬಾವಿಗೆ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ್ದಕ್ಕೆ ಎಷ್ಟೋ ಮನೆಗಳು ಇಂದಿಗೂ ಬೆಲೆ ತೆರುತ್ತಿರುವ ಜಿಲ್ಲೆಯಲ್ಲಿ, ಅಂಗಳದ ಅಣಬೆಗೋಸ್ಕರ ವಿಷ ತರುವುದನ್ನು ನಾನಂತೂ ಯಾರಿಗೂ ಸೂಚಿಸಲಾರೆ. ಅದರ ಬದಲು ಅಣಬೆಗಳನ್ನು ಅರಳುವ ಮೊದಲೇ ಕಿತ್ತು ಕಟ್ಟಿ ಎಸೆಯಿರಿ, ಹುಲ್ಲಿನಡಿಯ ಸತ್ತ ಪದರವನ್ನು ಬೇಸಿಗೆಯಲ್ಲಿ ಬಾಚಿ ತೆಗೆಸಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಕೀಳುವುದರಿಂದ ಜಾಲ ಸಾಯುವುದಿಲ್ಲ, ಮಗುವಿನ ಮತ್ತು ಸಾಕುನಾಯಿಯ ಬಾಯಿಗೆ ಸಿಗುವುದು ತಪ್ಪುತ್ತದೆ, ಅಷ್ಟೇ. ಒಳಗಿನ ಮರದ ಚೂರು ಕೊಳೆತು ಮುಗಿದ ಮೇಲೆ ಅಣಬೆಯೂ ತಾನಾಗಿ ಕಡಿಮೆಯಾಗುತ್ತದೆ.

ತಿನ್ನುವ ಆಸೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಬಡಾವಣೆಯ ಅಂಗಳದಿಂದ, ರಾಷ್ಟ್ರೀಯ ಹೆದ್ದಾರಿ 66ರ ಬದಿಯಿಂದ, ಕಟ್ಟಡದ ಕಸ ತುಂಬಿದ ಜಾಗದಿಂದ ಯಾವ ಅಣಬೆಯನ್ನೂ, ಅದು ತಿನ್ನುವ ಜಾತಿಯದೆಂದು ಖಚಿತವಾಗಿದ್ದರೂ, ತಿನ್ನಬೇಡಿ. ಮಣ್ಣಿನ ಸೀಸ, ಕ್ಯಾಡ್ಮಿಯಮ್‌ನಂತಹ ಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುವ ಗುಣ ಅಣಬೆಗಳಿಗಿದೆ. ತವರಿನ ಗುಡ್ಡೆಯ ಹುತ್ತದ ಅಣಬೆಯನ್ನು, ಅದನ್ನು ಬಲ್ಲವರು ಬುಡಸಮೇತ ಅಗೆದು ಕೊಟ್ಟರೆ, ತಿನ್ನುವುದಕ್ಕೆ ನನ್ನ ಅಡ್ಡಿಯಿಲ್ಲ. ಅಪಾಯ ಅಲ್ಲಿ ಪೂರ್ತಿ ಇಲ್ಲವೆನ್ನಲಾರೆ, ತೀರ ಕಡಿಮೆ. ಆಗಲೂ ಒಂದೊಂದನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿ, ಏಕೆಂದರೆ ಗುಂಪಿನ ನಡುವೆ ಬೇರೆ ಜಾತಿಯ ಒಂದು ಸೇರಿದ್ದರೂ ಸಾಕು. ಚೆನ್ನಾಗಿ ಬೇಯಿಸಿ, ಮಕ್ಕಳಿಗೆ ಕೊಡದಿರಿ, ತೊಂದರೆಯಾದರೆ ವೈದ್ಯರಿಗೆ ತೋರಿಸಲು ಒಂದು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ಎರಡು ದಿನ ಫ್ರಿಜ್ಜಿನಲ್ಲಿಡಿ. ರುಚಿಯೇ ಮುಖ್ಯವಾದರೆ ಬೈಹುಲ್ಲಿನ ಚೀಲಗಳಲ್ಲಿ ಚಿಪ್ಪಣಬೆಯನ್ನು ಮನೆಯಲ್ಲೇ ಬೆಳೆಯುವುದು ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ.

ಯಾರಾದರೂ ತಿಂದೇಬಿಟ್ಟಿದ್ದರೆ, ಲಕ್ಷಣಗಳಿಗಾಗಿ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹುಣಸೆನೀರು, ತುಪ್ಪ, ಹಾಲು ಕೊಡುವುದು ಬೇಡ. ಉಳಿದ ಅಣಬೆ, ಬೇಯಿಸಿದ ಪದಾರ್ಥ, ಸಾಧ್ಯವಾದರೆ ವಾಂತಿಯ ಮಾದರಿಯನ್ನೂ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ. ತಿಂದ ಹೊತ್ತು ಮತ್ತು ಮೊದಲ ಲಕ್ಷಣ ಕಂಡ ಹೊತ್ತನ್ನು ಬರೆದುಕೊಳ್ಳಿ. ವೈದ್ಯರಿಗೆ ಇದಕ್ಕಿಂತ ಉಪಯುಕ್ತವಾದ ಮಾಹಿತಿ ಇನ್ನೊಂದಿಲ್ಲ. ಒಂದೆರಡು ಗಂಟೆಯಲ್ಲೇ ವಾಂತಿ ಶುರುವಾದರೆ ಸಾಮಾನ್ಯವಾಗಿ ಹೊಟ್ಟೆಯ ಮಟ್ಟದ ವಿಷ. 6 ಗಂಟೆಯ ನಂತರ ಶುರುವಾದರೆ ಅಮಾಟಾಕ್ಸಿನ್ ಎಂದೇ ತಿಳಿದು, ಯಕೃತ್ತಿನ ಚಿಕಿತ್ಸೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ತಡಮಾಡದೆ ಹೋಗಬೇಕು. ನಿಮಗೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಮಂಗಳೂರಿದೆ. ಎರಡು ಮೂರು ಜಾತಿಯನ್ನು ಬೆರೆಸಿ ತಿಂದಿದ್ದರೆ ಬೇಗ ಬಂದ ವಾಂತಿಯನ್ನು ನೋಡಿ ಧೈರ್ಯ ತಂದುಕೊಳ್ಳಬಾರದು, ಮೊದಲಿನ ವಿಷದ ಹಿಂದೆ ನಿಧಾನದ ವಿಷ ಅಡಗಿರಬಹುದು. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಹಗಲಿರುಳು ಕರೆ ಮಾಡಬಹುದು.

ಕೊನೆಯದಾಗಿ, ನೀವು ಎಲ್ಲಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದ, ಆದರೆ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ ಬಾವಿಯ ಪಕ್ಕದ ತೆಂಗು. ಗಟ್ಟಿ ಕಂದು ಅಣಬೆಯ ಮೇಲ್ಮೈ ವಾರ್ನಿಶ್ ಬಳಿದಂತೆ ಹೊಳೆಯುತ್ತಿದ್ದು, ಅಡಿಭಾಗ ಬಿಳಿಯಾಗಿ, ಉಗುರಿನಿಂದ ಗೀರಿದರೆ ಕಂದಾಗುವುದಾದರೆ ಅದು ಗ್ಯಾನೋಡರ್ಮಾ. ಅಡಿಕೆಯಲ್ಲಿ ಅಣಬೆ ರೋಗವೆಂದು ನಮ್ಮ ಕೃಷಿಕರು ಕರೆಯುವುದೂ ಇದೇ ಕುಲದ ಶಿಲೀಂಧ್ರದಿಂದ ಬರುವ ಬೇರು ಕೊಳೆಯುವ ರೋಗವನ್ನು. ತೆಂಗಿನಲ್ಲಿ ಮೊದಲು ಬೇರು ಕೊಳೆತು, ಬುಡದಿಂದ ಕೆಂಗಂದು ರಸ ಒಸರಿ, ಕೆಳಗಿನ ಗರಿಗಳು ಜೋತುಬೀಳುತ್ತವೆ. ಬುಡದಲ್ಲಿ ಅಣಬೆ ಕಾಣಿಸಿಕೊಳ್ಳುವುದು ರೋಗ ಬಹಳ ಮುಂದುವರಿದ ಮೇಲೆ. ಇದನ್ನು ಔಷಧಿಯ ಅಣಬೆಯೆಂದು ಕುದಿಸಿ ಕುಡಿಯಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಮರ ಗಾಳಿಗೆ ಬುಡಸಮೇತ ಉರುಳಬಹುದಾದ್ದರಿಂದ ಅದರಡಿಯಲ್ಲಿ ಮಗುವನ್ನು ಆಡಲು ಬಿಡಬೇಡಿ, ಕಾಯಿ ಕೀಳಲು ಆಳನ್ನು ಹತ್ತಿಸಬೇಡಿ. ನಿಮ್ಮ ಸಮೀಪದ ಕೂಡ್ಲಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಇದೆ; ಅಣಬೆಯ ತುಂಡು ಮತ್ತು ಬುಡದ ಚಿತ್ರಗಳೊಂದಿಗೆ ಅಲ್ಲಿಗೆ ಹೋಗಿ ರೋಗವನ್ನು ಖಚಿತಪಡಿಸಿಕೊಳ್ಳಿ. ರೋಗವೆಂದಾದರೆ ಮರವನ್ನು ಕಡಿಸಿ, ಬುಡದ ಗಡ್ಡೆಯನ್ನೂ ಬೇರುಗಳನ್ನೂ ಅಗೆದು ತೆಗೆಸಿ ಸುಡಬೇಕು. ಪಕ್ಕದ ಮರಗಳಿಗೆ ಹರಡದಂತೆ ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಂದಕ ತೋಡಿಸಿ, ಉಳಿದ ತೆಂಗುಗಳಿಗೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿ ಹಾಕಿಸಿ. ರೋಗದ ಮರದ ಕಟ್ಟೆಯ ನೀರು ಇನ್ನೊಂದು ಮರದ ಕಟ್ಟೆಗೆ ಹರಿಯಬಾರದು. ಮಳೆ ಒಂದು ದಿನ ಬಿಡುವು ಕೊಟ್ಟರೂ ಸರಿ, ಹುಲ್ಲುಹಾಸಿಗಿಂತ ಮೊದಲು ಈ ಕೆಲಸವನ್ನು ಕೈಗೆತ್ತಿಕೊಳ್ಳಿ.